ಅವ್ವನ ಮುಷ್ಟಿ, ನನ್ನ ಗಿಯರ್ ಪೆಟ್ಟಿಗೆ

ಕ್ಷಮೆ ದೊಡ್ಡ ಗುಣ ಎಂದು ಉಪದೇಶ ಮಾಡುವವರು ಜೇವರ್ಗಿಯ ನನ್ನ ವರ್ಕ್‌ಶಾಪಿನ ಕಡೆ ಬಾರದಿದ್ದರೆ ಒಳ್ಳೆಯದು. ನಾನು ಕೂರಿಗೆ ತಯಾರಿಸುವವಳು, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಬಿತ್ತುವ ಕಬ್ಬಿಣದ ಕೂರಿಗೆ. ಅದರ ಬಗಲಿಗೆ ಕೂರಿಸಿರುವ ಗಿಯರ್ ಪೆಟ್ಟಿಗೆ ನೋಡಿದವರು ಇಷ್ಟು ತಲೆ ಎಲ್ಲಿಂದ ಬಂತವ್ವ ಎಂದು ಕೇಳುತ್ತಾರೆ. ನಾನು ನಕ್ಕು ಚಹಾ ತರಿಸುತ್ತೇನೆ. ಖರೆ ಹೇಳಬೇಕೆಂದರೆ ತಲೆಗಿಂತ ಹೆಚ್ಚು ಕೆಲಸ ಮಾಡಿದ್ದು ಸಿಟ್ಟು. ಒಬ್ಬ ಮನುಷ್ಯನನ್ನು ಅವನದೇ ಊರಿನ ಜನರ ಮುಂದೆ ತಲೆ ತಗ್ಗಿಸಿ ನಿಲ್ಲಿಸಬೇಕು, ನನ್ನ ಅವ್ವ ಕಳ್ಳಿಯಲ್ಲ ಎಂದು ಅವನ ಬಾಯಿಂದಲೇ ಹೇಳಿಸಬೇಕು ಎಂದು ಹದಿನಾರು ವರ್ಷ ಹಲ್ಲು ಕಚ್ಚಿಕೊಂಡು ಬದುಕಿದ್ದೇನೆ.

ಅವ್ವ ಬಿತ್ತುವವಳು. ನಮ್ಮದು ಆಳಂದ ತಾಲ್ಲೂಕಿನ ಮಟಕಿ, ಅವ್ವನ ತವರು ಅಫಜಲಪುರದ ಕಡೆ, ಹವಳಗಾ ದಾಟಿ ಮುಂದೆ. ಎತ್ತಿನ ಕೂರಿಗೆಯ ಹಿಂದೆ ನಡೆಯುತ್ತ ಅದರ ಮೇಲಿನ ಮರದ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುವುದು ನಮ್ಮಲ್ಲಿ ಹೆಂಗಸರ ಕೆಲಸ. ಬೀಜ ಬಟ್ಟಲಿನಿಂದ ನಳಿಕೆಗಳಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ನೋಡಲು ಸುಲಭ, ಮಾಡಿದರೆ ಗೊತ್ತಾಗುತ್ತದೆ. ಎತ್ತು ನಿಧಾನವಾದರೆ ಮುಷ್ಟಿ ಬಿಗಿಯಾಗಬೇಕು, ಚುರುಕಾದರೆ ಸಡಿಲವಾಗಬೇಕು. ತಗ್ಗಿನ ಎರೆ ನೆಲದಲ್ಲಿ ಬೀಜ ತುಸು ತೆಳುವಾಗಿ ಬೀಳಬೇಕು, ದಿಬ್ಬದ ಗರಸು ನೆಲದಲ್ಲಿ ತುಸು ದಟ್ಟವಾಗಿ. ಅವ್ವ ಇದನ್ನೆಲ್ಲ ಪಕ್ಕದವಳ ಜೊತೆ ಸೊಸೆಯಂದಿರ ಸುದ್ದಿ ಮಾತಾಡುತ್ತಲೇ ಮಾಡುತ್ತಿದ್ದಳು. ತೊಗರಿ ಮೊಳೆತು ಎರಡು ಎಲೆ ಬಿಟ್ಟಾಗ ಅವಳು ಬಿತ್ತಿದ ಸಾಲು ಯಾವುದೆಂದು ಬದುವಿನ ಮೇಲೆ ನಿಂತವರು ಗುರುತಿಸುತ್ತಿದ್ದರು. ಮಳೆ ಹದವಾಯಿತೆಂದರೆ ಸಾಕು, ತವರಿನ ಕಡೆಯ ಮೂರು ನಾಲ್ಕು ಊರುಗಳಿಂದ ಅವ್ವನಿಗೆ ಬುಲಾವು ಬರುತ್ತಿತ್ತು.

ಹಾಗೆ ವರ್ಷ ತಪ್ಪದೆ ಕರೆಸುತ್ತಿದ್ದವರಲ್ಲಿ ಒಬ್ಬ ಸಾಹುಕಾರನಿದ್ದ. ರಸ್ತೆಗೆ ಹತ್ತಿದ ದೊಡ್ಡ ಹೊಲ, ಹೊಲದ ಇನ್ನೊಂದು ತುದಿಗೆ ಬಾವಿ. ಆ ಮನೆಯಲ್ಲಿ ಬಿತ್ತನೆಗೆ ಒಂದು ಪದ್ಧತಿ. ಮೊದಲ ದಿನ ಮನೆಯೊಡತಿ ಕೂರಿಗೆಗೆ ಕುಂಕುಮ ಹಚ್ಚಿ, ಬಿತ್ತುವವಳ ಸೆರಗಿನ ಉಡಿಯಲ್ಲಿ ಐದು ಬೊಗಸೆ ಬೀಜ ತುಂಬುತ್ತಿದ್ದಳು. ಸಂಜೆ ಚೀಲದಲ್ಲಿ ಉಳಿದ ಬೀಜವನ್ನು ಮಾತ್ರ ಅಳೆಯಬಾರದು, ಅಳೆದರೆ ಬೆಳೆ ಕೈಗೆ ಹತ್ತುವುದಿಲ್ಲ ಎಂದು ಅವರ ನಂಬಿಕೆ. ಉಳಿದದ್ದನ್ನು ಅಳೆಯದೆ ಹಾಗೆಯೇ ಒಯ್ದು ಒಳಗಿನ ಕಾಳು ತುಂಬಿಡುವ ಗುಮ್ಮಿಗೆ ಸುರಿಯುತ್ತಿದ್ದರು. ಈ ಪದ್ಧತಿಯೇ ಮುಂದೆ ಅವ್ವನ ಕುತ್ತಿಗೆಗೆ ಬಂತು.

ಆ ವರ್ಷ ಸಾಹುಕಾರ ಹೊಸ ಟ್ರ್ಯಾಕ್ಟರ್ ತಂದಿದ್ದ. ಎತ್ತಿನ ಕೂರಿಗೆಯನ್ನೇ ಹೋಲುವ ದೊಡ್ಡ ಕೂರಿಗೆ ಮಾಡಿಸಿ ಅದರ ಹಿಂದೆ ಒಂದು ಹಲಗೆ ಹಾಕಿಸಿದ್ದ. ಬಿತ್ತುವವರು ನಡೆಯುವುದು ಬೇಡ, ಹಲಗೆಯ ಮೇಲೆ ಕುಳಿತು ಬಟ್ಟಲಿಗೆ ಬೀಜ ಬಿಟ್ಟರಾಯಿತು. ನನಗೆ ಆಗ ಹತ್ತೊಂಬತ್ತು, ಕಲಬುರ್ಗಿಯಲ್ಲಿ ಡಿಪ್ಲೊಮಾ ಓದುತ್ತಿದ್ದೆ. ರಜೆಗೆ ಬಂದವಳು ಅವ್ವನ ಪಕ್ಕದ ಬಟ್ಟಲಿಗೆ ನಾನೇ ಕುಳಿತೆ. ಡ್ರೈವರನನ್ನು ಇಳಿಸಿ ಸಾಹುಕಾರ ತಾನೇ ಸ್ಟೇರಿಂಗ್ ಹಿಡಿದ. ಬಾವಿಯ ಕಡೆ ಹದವಾಗಿಯೇ ಹೊಡೆದ. ರಸ್ತೆ ಹತ್ತಿರ ಬಂದ ಕೂಡಲೇ, ಬಸ್ಸಿಗೆ ಕಾದು ನಿಂತವರು ಕಣ್ಣಿಗೆ ಬಿದ್ದ ಕೂಡಲೇ, ಗಿಯರ್ ಏರಿಸಿದ. ಟ್ರ್ಯಾಕ್ಟರ್ ಒಮ್ಮೆ ಜಗ್ಗಿ ಓಡತೊಡಗಿತು. ಅವ್ವನ ಕೈಗೆ ಎತ್ತಿನ ನಡಿಗೆ ಗೊತ್ತಿತ್ತು, ಅದು ಕಾಲಿನಿಂದ ಕೈಗೆ ಬರುತ್ತಿದ್ದ ತಿಳಿವಳಿಕೆ. ಹಲಗೆಯ ಮೇಲೆ ಕಾಲು ತೂಗುಬಿಟ್ಟು ಕುಳಿತವಳಿಗೆ ಏನು ತಿಳಿಯಬೇಕು?

"ಜರಾ ಸಾವಕಾಶ ಹೋಗ್ರಿ ಸಾವ್ಕಾರ್ರ, ಬೀಜ ಬೀಳವಲ್ವು" ಎಂದು ಅವ್ವ ಎರಡು ಸಲ ಕೂಗಿದಳು. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ನನಗೆ ಕೇಳಿತ್ತು. ಇದನ್ನು ನೆನಪಿಡಿ, ನನಗೆ ಕೇಳಿತ್ತು.

ಅರ್ಧ ಹೊಲ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಉಳಿದರ್ಧಕ್ಕೆ ಎರಡು ವಾರದ ಮೇಲೆ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಬಾವಿಯ ಕಡೆ ತೊಗರಿ ಸಾಲು ಸಾಲಾಗಿ ಎದ್ದಿದೆ, ರಸ್ತೆಯ ಕಡೆ ಮೊಳಕೆ ಮೊಳಕೆಗೆ ಮಾರು ಅಂತರ. ಹಾದುಹೋಗುವ ಬಸ್ಸಿನವರಿಗೆಲ್ಲ ಕಾಣುವ ಜಾಗ. ಸಾಹುಕಾರ ಬೆಳಿಗ್ಗೆ ಏನೂ ಅನ್ನಲಿಲ್ಲ, ದಿನವಿಡೀ ಬಿತ್ತಿಸಿದ. ಸಂಜೆ ಅವ್ವ ಕೆಳಗಿಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಗ ಬದುವಿನ ಮೇಲಿಂದ ಕೂಗಿದ.

"ಏ ಮಟಕಿಯಾಕಿ, ನಿಂದ್ರು. ಉಡಿ ಝಾಡ್ಸು."

ಅವ್ವನಿಗೆ ಅರ್ಥವಾಗಲಿಲ್ಲ. "ಏನ್ರಿ?" ಎಂದಳು.

"ಬೀಜ ಹೊಲದಾಗ ಬಿದ್ದಿಲ್ಲ. ಮತ್ತ ಎಲ್ಲಿ ಹೋತು? ಝಾಡ್ಸು, ನೋಡೂಣು."

ಕಳೆ ತೆಗೆಯುವ ಹೆಂಗಸರು, ಡ್ರೈವರ್, ಪಕ್ಕದ ಹೊಲದ ಇಬ್ಬರು ಗಂಡಸರು, ಒಟ್ಟು ಹತ್ತು ಮಂದಿ ಇದ್ದರು. ಎಲ್ಲರೂ ನೆಲ ನೋಡಿದರು. ಅವನ ಹೆಂಡತಿ ಬೀಜ ತುಂಬಿದ್ದ ಅದೇ ಉಡಿಯನ್ನು ಅವ್ವ ಬಿಚ್ಚಿ ಝಾಡಿಸಿದಳು. ಧೂಳು ಬಿತ್ತು, ಎರಡು ಒಣ ಎಲೆ ಬಿದ್ದವು. ಉಡಿ ತುಂಬಿಸಿಕೊಂಡ ಹೆಂಗಸು ಅದನ್ನು ಪರರ ಮುಂದೆ ಝಾಡಿಸುವುದು ಎಂಥ ಅಪಮಾನ ಎಂದು ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅವನು ತೃಪ್ತನಾಗಲಿಲ್ಲ. "ನಾಳಿನಿಂದ ದಿನಾ ಝಾಡ್ಸಿ ಹೋಗು" ಎಂದ. ಗಿಯರ್ ಏರಿಸಿದ್ದು ಯಾರು ಎಂದು ನಾನು ಕೇಳಬಹುದಿತ್ತು. ನಿಮ್ಮ ಗುಮ್ಮಿಗೆ ಸುರಿದ ಬೀಜ ಅಳೆಯಿರಿ ಎನ್ನಬಹುದಿತ್ತು. ಡಿಪ್ಲೊಮಾ ಓದುತ್ತಿದ್ದವಳು ನಾನೂ ನೆಲ ನೋಡಿದೆ.

ಅವ್ವ ಹಿಡಿದ ಕೆಲಸ ಬಿಡುವವಳಲ್ಲ. ಇನ್ನೂ ಎರಡು ದಿನ ಬಿತ್ತಿದಳು, ಎರಡು ಸಂಜೆಯೂ ಝಾಡಿಸಿದಳು. ಊರಿಗೆ ಬಂದವಳು ಆಮೇಲೆ ಯಾರ ಹೊಲಕ್ಕೂ ಬಿತ್ತಲು ಹೋಗಲಿಲ್ಲ. ತವರಿನ ಕಡೆಯಿಂದ ಬುಲಾವು ಬಂದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನಲವತ್ತೆರಡರ ಹೆಂಗಸಿಗೆ ಎಲ್ಲಿಯ ಮೊಣಕಾಲು ನೋವು? ಆಳಂದದ ಅಡತಿಯಲ್ಲಿ ಚೀಲ ಹೊರುತ್ತಿದ್ದ ಅಪ್ಪನಿಗೂ ಅವಳು ಕಾರಣ ಹೇಳಲಿಲ್ಲ, ನನಗೂ ಹೇಳಬೇಡ ಎಂದಳು.

ನಾನು ಕಾಲೇಜಿಗೆ ವಾಪಸ್ಸಾದೆ. ಆ ವರ್ಷವೇ ಗ್ರಹ ಗಿಯರ್ ಪಾಠ ಬಂತು. ನಡುವೆ ಒಂದು ಸೂರ್ಯ ಗಿಯರ್, ಅದರ ಸುತ್ತ ಮೂರು ಗ್ರಹ ಗಿಯರ್, ಅವನ್ನೆಲ್ಲ ಸುತ್ತುವರಿದ ಒಳಹಲ್ಲಿನ ರಿಂಗು. ಗ್ರಹಗಳನ್ನು ಒಟ್ಟಿಗೆ ಹಿಡಿದಿರುವ ಚೌಕಟ್ಟೊಂದು, ಅದರಿಂದ ತಿರುಗುವಿಕೆ ಹೊರಗೆ ಬರುತ್ತದೆ. ಉಳಿದವರು ಸೂತ್ರ ಬರೆದುಕೊಂಡರು. ನನಗೆ ಅದರಲ್ಲಿ ಒಂದೇ ಸಂಗತಿ ಕಂಡಿತು. ಇದಕ್ಕೆ ಒಳಬರುವ ದಾರಿ ಎರಡು, ಹೊರಹೋಗುವ ದಾರಿ ಒಂದು. ಸೂರ್ಯನನ್ನು ಒಬ್ಬ ತಿರುಗಿಸಲಿ, ರಿಂಗನ್ನು ಇನ್ನೊಬ್ಬ ತಿರುಗಿಸಲಿ, ಹೊರಗೆ ಬರುವುದು ಎರಡರ ಕೂಡಿಕೆ. ರಿಂಗನ್ನು ಮುಂದಕ್ಕೆ ತಿರುಗಿಸಿದಷ್ಟೂ ವೇಗ ಏರುತ್ತದೆ, ಹಿಂದಕ್ಕೆ ತಿರುಗಿಸಿದಷ್ಟೂ ಇಳಿಯುತ್ತದೆ. ತಕ್ಕಷ್ಟು ಹಿಂದಕ್ಕೆ ತಿರುಗಿಸಿದರೆ ಒಳಗೆ ಎಲ್ಲ ಗಿಯರೂ ಸುತ್ತುತ್ತಿರುತ್ತವೆ, ಹೊರಗೆ ಮಾತ್ರ ಏನೂ ಅಲುಗುವುದಿಲ್ಲ. ಒಂದನೇ ಗಿಯರ್, ಎರಡನೇ ಗಿಯರ್ ಎಂಬ ಮೆಟ್ಟಿಲುಗಳೇ ಇಲ್ಲ. ಅವ್ವನ ಮುಷ್ಟಿಗೂ ಮೆಟ್ಟಿಲುಗಳಿರಲಿಲ್ಲ. ಅವಳ ಅನ್ನ ಕಿತ್ತುಕೊಂಡದ್ದು ಸಾಹುಕಾರ ಹಾರಿದ ಆ ಒಂದು ಮೆಟ್ಟಿಲು. ಅವತ್ತು ಬೆಂಚಿನ ಮೇಲೆ ಕುಳಿತೇ ಹಟ ತೊಟ್ಟೆ.

ಪೆಟ್ಟಿಗೆ ಕೆಲಸಕ್ಕೆ ಬರಲು ವರ್ಷಗಳೇ ಬೇಕಾದವು. ಅಂಗಡಿಯಲ್ಲಿ ಸಿಗುವ ಬಿತ್ತುವ ಯಂತ್ರಗಳಿಗೆ ಚೈನು ಇರುತ್ತದೆ. ಬೀಜ ಹೆಚ್ಚು ಕಡಿಮೆ ಮಾಡಲು ಹೊಲದ ನಡುವೆ ನಿಲ್ಲಿಸಿ, ಚೈನು ಬಿಚ್ಚಿ, ಹಲ್ಲಿನ ಚಕ್ರ ಬದಲಿಸಬೇಕು. ಯಾರೂ ಬದಲಿಸುವುದಿಲ್ಲ, ತಗ್ಗಿಗೂ ದಿಬ್ಬಕ್ಕೂ ಒಂದೇ ಅಳತೆ ಬಿತ್ತಿ ಮನೆಗೆ ಹೋಗುತ್ತಾರೆ. ನಾನು ಗುಜರಿಯಿಂದ ಹಳೆಯ ಸ್ಟಾರ್ಟರ್ ಮೋಟರುಗಳನ್ನು ತಂದು ಒಡೆದು, ಅವುಗಳ ಹೊಟ್ಟೆಯಲ್ಲಿರುವ ಗ್ರಹ ಗಿಯರ್ ತೆಗೆದೆ. ನೆಲಕ್ಕೆ ತಾಗಿ ಉರುಳುವ ಗಾಲಿಯಿಂದ ಸೂರ್ಯನಿಗೆ ತಿರುಗುವಿಕೆ ಕೊಟ್ಟೆ. ರಿಂಗಿಗೆ ಬಸ್ಸಿನ ಗಾಜು ಒರೆಸುವ ವೈಪರ್ ಮೋಟರ್ ಕಟ್ಟಿದೆ. ಚೌಕಟ್ಟನ್ನು ಬೀಜ ಬಿಡುವ ಉರುಳೆಗೆ ಜೋಡಿಸಿದೆ. ಅದನ್ನು ಆಡಿಸಲು ಮನೆಯ ಫ್ಯಾನಿಗೆ ಇರುವಂಥ ಒಂದು ರೆಗ್ಯುಲೇಟರ್, ಡ್ರೈವರನ ಕೈ ಹತ್ತಿರ. ಟ್ರ್ಯಾಕ್ಟರ್ ಎಷ್ಟು ಓಡಿದರೂ ಗಾಲಿಯೂ ಅಷ್ಟೇ ಓಡುವುದರಿಂದ ಬೀಜದ ಅಂತರ ಕೆಡುವುದಿಲ್ಲ. ದಿಬ್ಬ ಬಂತೋ, ಓಡುತ್ತಿರುವಾಗಲೇ ರೆಗ್ಯುಲೇಟರ್ ತಿರುವಿದರೆ ದಟ್ಟ, ತಗ್ಗು ಬಂತೋ, ತೆಳು. ಮೊದಲ ಮೂರು ಪೆಟ್ಟಿಗೆಗಳು ಎರೆಮಣ್ಣು ತಿಂದು ಸತ್ತವು. ನಾಲ್ಕನೆಯದು ಬದುಕಿತು. ಜೇವರ್ಗಿಯಲ್ಲಿ ಶೆಡ್ ಹಾಕಿದೆ. ಅಪ್ಪ ಹೋದ ಮೇಲೆ ಅವ್ವನನ್ನೂ ಅಲ್ಲಿಗೇ ಕರೆತಂದೆ. ಈ ಪೆಟ್ಟಿಗೆ ಯಾವತ್ತಾದರೂ ಆ ಸಾಹುಕಾರನ ಕಿವಿಗೆ ಬೀಳುತ್ತದೆ, ಅವನು ಬಂದೇ ಬರುತ್ತಾನೆ ಎಂದು ಕಾದು ಕುಳಿತೆ.

ಹೋದ ವರ್ಷ ಬೇಸಿಗೆಯಲ್ಲಿ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಅದೇ. ನನ್ನ ಗುರುತು ಹತ್ತಲಿಲ್ಲ. ಕೂಲಿಯವಳ ಮಗಳ ಮುಖವನ್ನು ಅವನು ಯಾವತ್ತು ನೋಡಿದ್ದ? ಚಹಾ ಕೊಟ್ಟೆ, ಸಕ್ಕರೆ ಹೆಚ್ಚೇ ಹಾಕಿಸಿದೆ.

"ತಂಗಿ, ನಿನ್ನ ಕೂರಗಿ ಭಾಳ ಛಲೋ ಅದ ಅಂತಾರ. ನಮ್ಮ ಹೊಲಕ್ಕ ಒಂದು ಬೇಕು" ಎಂದ.

"ಹೊಲದಾಗ ಪರೀಕ್ಷಾ ಮಾಡಿ ಕೊಡ್ತೇನ್ರಿ" ಎಂದೆ. "ಮೊದಲ ಸುತ್ತು ಮಾಲಕರಽ ಹೊಡೀಬೇಕು. ಊರಿನ ನಾಕು ಮಂದಿ ನೋಡ್ಲಿ ಅಂತ ನಮ್ಮಲ್ಲಿ ರೂಢಿ ಅದರಿ."

"ಅದಕ್ಕೇನವ್ವ. ನಮ್ಮೂರಾಗ ಟ್ರ್ಯಾಕ್ಟರ್ ಮೊದಲ ತಂದವ ನಾನಽ" ಎಂದು ಮೀಸೆ ನೇವರಿಸಿಕೊಂಡ.

ಪರೀಕ್ಷೆಯ ಹಿಂದಿನ ದಿನ ಪೆಟ್ಟಿಗೆ ತೆಗೆದು ಒಂದು ಪಿನ್ನು ಕಿತ್ತೆ. ಗಾಲಿಗೂ ಸೂರ್ಯ ಗಿಯರಿಗೂ ಇದ್ದ ಸಂಬಂಧ ಕಡಿಯಿತು. ಸೂರ್ಯನನ್ನು ಅಲುಗದ ಹಾಗೆ ಬಿಗಿದೆ. ಈಗ ಬೀಜ ಬಿಡುವುದು ವೈಪರ್ ಮೋಟರ್ ಒಂದೇ, ಟ್ರ್ಯಾಕ್ಟರ್ ಓಡಲಿ ನಿಲ್ಲಲಿ, ಒಂದೇ ಸಮನೆ. ಹಲಗೆಯ ಮೇಲೆ ಕುಳಿತ ಅವ್ವನ ಕೈ ಅವತ್ತು ಹೇಗೆ ಬಿಡುತ್ತಿತ್ತೋ ಹಾಗೆ. ಪಿನ್ನನ್ನು ಕುಪ್ಪಸದ ಜೇಬಿನಲ್ಲಿಟ್ಟುಕೊಂಡು ಮಲಗಿದೆ. ಅಷ್ಟು ಸುಖದ ನಿದ್ದೆ ನನಗೆ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಹೊಲದಲ್ಲಿ ಐವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಗೊಬ್ಬರದ ಚೀಲ ಬಿಡಿಸಿ ಹೊಲಿದ, ಒಂದೇ ಅಳತೆಯ ಮೂರು ತಾಡಪತ್ರಿ ಹಾಸಿದೆ. ಒಂದು ಬಾವಿಯ ಹತ್ತಿರ, ಒಂದು ನಡುವೆ, ಒಂದು ರಸ್ತೆಯ ಅಂಚಿಗೆ. ಕೂರಿಗೆಯ ನೆಲ ಸೀಳುವ ಕುಳ ಎತ್ತಿ ಕಟ್ಟಿದ್ದರಿಂದ ಬೀಜ ಮೇಲೆಯೇ ಬೀಳುತ್ತದೆ, ಎಣಿಸಲು ಬರುತ್ತದೆ. ಸಾಹುಕಾರ ಏರಿ ಕುಳಿತ. ಬಾವಿಯ ಕಡೆ ಹದವಾಗಿ ಹೊಡೆದ. ಹದಿನಾರು ವರ್ಷದಲ್ಲಿ ಈ ಮನುಷ್ಯ ಬುದ್ಧಿ ಕಲಿತಿದ್ದರೆ ನನ್ನ ಕೆಲಸ ಕೆಟ್ಟಿತು. ಕಲಿತಿರಲಿಲ್ಲ. ರಸ್ತೆಯಲ್ಲಿ ಬಸ್ಸು ನಿಂತಿತ್ತು, ಜನ ಇಳಿಯುತ್ತಿದ್ದರು. ಗಿಯರ್ ಏರಿಸಿದ.

ಬೀಜ ಎಣಿಸಲು ಊರಿನವರನ್ನೇ ಕೂರಿಸಿದೆ. ಬಾವಿಯ ಕಡೆ ಐವತ್ತೆಂಟು ಬೀಜ, ನಡುವೆ ಐವತ್ತಾರು, ರಸ್ತೆಯ ಕಡೆ ಇಪ್ಪತ್ತಾರು.

ಸಾಹುಕಾರನ ಮುಖ ಕೆಂಪೇರಿತು. "ನಿನ್ನ ಮಷೀನ ಬೀಜ ನುಂಗಾಕತ್ತದ ತಂಗಿ" ಎಂದ.

"ನುಂಗಿದ್ರ ಹೊಟ್ಟ್ಯಾಗ ಇರಬೇಕಲ್ರಿ. ತಗದು ಅಳಿಯೂಣು."

"ಬಿತ್ತೂ ಬೀಜ ಅಳಿಬಾರದು."

"ಇದು ಬಿತ್ತಿಗಿ ಅಲ್ರಿ, ಪರೀಕ್ಷಾ" ಎಂದು ಬೀಜದ ಪೆಟ್ಟಿಗೆ ಬಗ್ಗಿಸಿಯೇ ಬಿಟ್ಟೆ. ಒಂದು ಸುತ್ತಿಗೆ ಎಷ್ಟು ಖರ್ಚಾಗಬೇಕಿತ್ತೋ ಅಷ್ಟು ಆಗಿರಲಿಲ್ಲ. ರಸ್ತೆಯ ಕಡೆ ಬೀಳದ ಬೀಜ ಅಲ್ಲಿಯೇ ಇತ್ತು. ಜನ ಬಗ್ಗಿ ನೋಡಿದರು.

"ನೋಡ್ರಿ, ಯಾರೂ ಕದ್ದಿಲ್ಲ. ನೀವು ಮಂದಿ ಕಂಡಲ್ಲಿ ಗಿಯರ್ ಏರಿಸಿದ್ರಿ, ಅಲ್ಲಿ ಬೀಜ ತೆಳುವಾತು, ಉಳಿದಿದ್ದು ಒಳಗ ಉಳೀತು. ಮಟಕಿಯಾಕಿ ಬಿತ್ತಿದ ವರ್ಷಾನೂ ಹಿಂಗಽ ಆಗಿತ್ತು. ಉಳಿದ ಬೀಜ ನಿಮ್ಮ ಗುಮ್ಮಿಗೇ ಹೋಗಿತ್ತು. ನೀವು ಅಳೀಲಿಲ್ಲ, ಆಕಿ ಉಡಿ ಝಾಡಿಸಿದ್ರಿ. ಮೂರು ದಿನ. ನಾ ಆಕಿ ಮಗಳು."

ಅವನಿಗೆ ಮೊದಲು ನೆನಪಾಗಲಿಲ್ಲ. ಇದು ನನ್ನನ್ನು ಇನ್ನೂ ಕೆರಳಿಸಿತು. ನಾವು ಹದಿನಾರು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಆ ಮನುಷ್ಯ ಮರೆತೇ ಬಿಟ್ಟಿದ್ದ. ಆಮೇಲೆ ನಿಧಾನಕ್ಕೆ ನೆನಪಾಯಿತು, ಅದು ಅವನ ಮುಖದಲ್ಲಿ ಕಂಡಿತು. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪಾಗ್ಯದವ್ವ" ಎಂದ, ಬಾಯಿಯೊಳಗೆ.

"ಹಿಂದ ನಿಂತವರಿಗೆ ಕೇಳಿಲ್ರಿ."

ಕೈಮುಗಿದು ಮತ್ತೊಮ್ಮೆ ಹೇಳಿದ, ಗಟ್ಟಿಯಾಗಿ. ಆಕೆ ಕಳ್ಳಿಯಲ್ಲ, ತಪ್ಪು ತನ್ನದು ಎಂದ. ವಯಸ್ಸಾದ ಮನುಷ್ಯ, ಆದರೂ ನನಗೆ ಕರುಣೆ ಬರಲಿಲ್ಲ. ಜೇಬಿನಿಂದ ಪಿನ್ನು ತೆಗೆದು ಎಲ್ಲರಿಗೂ ತೋರಿಸಿ, ಸೂರ್ಯ ಗಿಯರಿನ ಬಿಗಿ ಬಿಚ್ಚಿ, ಪಿನ್ನನ್ನು ಜಾಗಕ್ಕೆ ಹೊಡೆದು, ಅವನ ಡ್ರೈವರನಿಂದ ಇನ್ನೊಂದು ಸುತ್ತು ಹೊಡೆಸಿದೆ. ರಸ್ತೆಯ ಹತ್ತಿರ ಗಿಯರ್ ಏರಿಸಲು ನಾನೇ ಹೇಳಿದೆ. ಮೂರೂ ತಾಡಪತ್ರಿಯ ಮೇಲೆ ಬೀಜ ಸಮನಾಗಿ ಬಿತ್ತು. ಜನ ಹೌದೌದು ಎಂದರು. ಆಮೇಲೆ ಕೂರಿಗೆಯನ್ನು ಟೆಂಪೋಗೆ ಏರಿಸಿದೆ. ಇದನ್ನು ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಕೊಡುತ್ತೇನೆ, ನಿಮಗೆ ಕೊಡುವುದಿಲ್ಲ ಎಂದೆ. ಅದೂ ಅವನ ಜನರ ಮುಂದೆಯೇ.

ನಿಂತವರಲ್ಲಿ ಯಾರೋ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದರು. ನಾನೇ ಕೇಳಿ ಕಳಿಸಿಕೊಂಡೆ. ದಾರಿಯುದ್ದಕ್ಕೂ ನೋಡಿದೆ. ಕೂರಿಗೆ ಕೊಂಡವರದೊಂದು ವಾಟ್ಸಾಪ್ ಗ್ರೂಪಿದೆ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ರೈತರು. ಮನೆ ಮುಟ್ಟುವ ಮೊದಲೇ ಅದಕ್ಕೆ ಹಾಕಿದೆ. ಅವನ ಮುಖ ಊರೂರಿಗೆ ಹೋಗಲಿ ಎಂದುಕೊಂಡೆ. ಹೋಯಿತು.

ಅವ್ವನಿಗೆ ತೋರಿಸಿದಾಗ ಅವಳು ಕಣ್ಣು ಕಿರಿದು ಮಾಡಿಕೊಂಡು ಕೊನೆಯವರೆಗೂ ನೋಡಿದಳು. ಫೋನು ನನ್ನ ಕೈಗೆ ಕೊಟ್ಟಳು. ರೊಟ್ಟಿ ಬಡಿಯಲು ಒಳಗೆ ಹೋದಳು. ಸಂತೋಷ ಹೆಚ್ಚಾಗಿದೆ ಎಂದು ನಾನು ತಿಳಿದುಕೊಂಡೆ, ನನ್ನ ಜಾಣತನ ಅಷ್ಟು.

ಜೇವರ್ಗಿಯ ನಮ್ಮ ಓಣಿಯಲ್ಲಿ ಅವ್ವನ ಕೈಗುಣ ದೊಡ್ಡದು ಎಂದು ಹೆಂಗಸರು ನಂಬಿದ್ದರು. ಹಿತ್ತಲಿಗೆ ಹೀರೆ, ಅವರೆ, ಸೌತೆ ಹಾಕುವಾಗ ಮೊದಲ ಬೀಜ ಅವಳೇ ಊರಬೇಕು. ಮಳೆಗಾಲ ಬಂತೆಂದರೆ ಅವ್ವ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಹಿತ್ತಲಿಂದ ಹಿತ್ತಲಿಗೆ ಓಡಾಡುತ್ತಿದ್ದಳು. ತವರಿನ ಕಡೆ ಏನಾಗಿತ್ತೆಂದು ಇಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ವಿಡಿಯೊ ಬಂದ ವಾರದಲ್ಲಿ ಎದುರು ಮನೆಯಾಕೆ ಬಂದು ಅವ್ವನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. "ನಿಮಗ ಕಳ್ಳಿ ಅಂದಿದ್ನಂತಲ್ರೀ ಅವ್ವಾರ, ಉಡಿ ಝಾಡಿಸಿದ್ನಂತ. ನಿಮ್ಮ ಮಗಳು ಛಲೋ ಮಾಡಿದ್ಲು ಬಿಡ್ರಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆಮೇಲೆ ಇನ್ನೊಬ್ಬಳು ಬಂದಳು. ಮಟಕಿಯಿಂದ ಯಾರೋ ಫೋನು ಮಾಡಿ ಪಾಪ ಎಂದರು. ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು, ಆ ಮಟಕಿಯಾಕಿ ನೀವೇ ಅಲ್ಲೇನ್ರಿ ಎಂದು ಕೇಳಿದಳಂತೆ.

ಅವತ್ತು ಸಂತೆಯಿಂದ ಬಂದವಳು ಚೀಲ ಕೆಳಗಿಟ್ಟು ನನ್ನ ಎದುರಿಗೆ ಕುಳಿತಳು. ದನಿ ಏರಿಸಲಿಲ್ಲ.

"ಅಂವಾ ಹತ್ತು ಮಂದಿ ಮುಂದ ಝಾಡ್ಸಿದ್ದ. ನೀ ಮೂರು ತಾಲೂಕಿನ ಮುಂದ ಝಾಡ್ಸಿದಿ. ನನಗ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಹದಿನಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ವಿಡಿಯೊ ತೆಗೆದು ಹಾಕಿದೆ, ಗ್ರೂಪಿನಲ್ಲಿ ಅಳಿಸಿರೆಂದು ಬೇಡಿಕೊಂಡೆ. ಬೇರೆಯವರ ಫೋನಿನಲ್ಲಿ ಇಳಿದದ್ದನ್ನು ನಾನು ಹೇಗೆ ಅಳಿಸಲಿ? ಆ ಸಾಹುಕಾರನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಬೇಡ. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಬದುವಿನ ಮೇಲೆ ಅವನ ಪಕ್ಕ ಈಗ ನಾನೂ ನಿಂತಿರುತ್ತೇನೆ.

ಈ ವರ್ಷ ಮೊದಲ ಮಳೆ ಬಿದ್ದ ಮರುದಿನ ಓಣಿಯ ಇಬ್ಬರು ಹೆಂಗಸರು ಹೀರೆಬೀಜ ಹಿಡಿದು ಬಂದರು. ನಾನು ಶೆಡ್ಡಿನಲ್ಲಿ ಕೂರಿಗೆಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ. ಅವ್ವ ಕಟ್ಟೆಯ ಮೇಲಿಂದ ಏಳಲಿಲ್ಲ.

"ನನ್ನ ಕೈ ಯಾಕ ಬೇಕ್ರಿ?" ಎಂದಳು. "ನಮ್ಮ ಹುಡುಗಿ ಕಡೆ ಮಷೀನ ಅದ. ಕೇಳಿ ತಗೊಂಡು ಹೋಗ್ರಿ."